ಕ್ಯಾಮೆರಾ ಕೊಳ್ಳುವ ಮುನ್ನ



ಕಳೆದ ತಿಂಗಳು ಸಂಘದ ದತ್ತಿ ಉಪನ್ಯಾಸ ಮುಗಿದು ಎಲ್ಲರೂ ಉಪ್ಪಿಟ್ಟು, ಶಿರಾದ ತಟ್ಟೆ ಹಿಡಿದು ನಿಂತಿದ್ದ ಹೊತ್ತಿನಲ್ಲಿ ಹಳೆಯ ಸ್ನೇಹಿತರೊಬ್ಬರು ನನ್ನ ತೋಳು ಹಿಡಿದು ಸಭಾಗೃಹದ ಮೂಲೆಗೆ ಕರೆದುಕೊಂಡು ಹೋದರು. ಅವರ ಹೆಸರು ಇಲ್ಲಿ ಬೇಡ, ರಾಯರು ಎಂದರೆ ಸಾಕು. ಡೊಂಬಿವಲಿಯಲ್ಲಿ 1989ರಿಂದ ಇಪ್ಪತ್ತೈದು ವರ್ಷ ಫೋಟೋ ಸ್ಟುಡಿಯೋ ನಡೆಸಿ 2014ರಲ್ಲಿ ಬಾಗಿಲು ಹಾಕಿದವರು. ಈಗ ಅವರ ಮಗ ಬಿ.ಕಾಂ. ಮುಗಿಸಿ, ನೌಕರಿ ಒಲ್ಲೆ, ಫೋಟೋಗ್ರಫಿಯೇ ನನ್ನ ದಾರಿ ಎಂದು ಹಟ ಹಿಡಿದಿದ್ದಾನಂತೆ.

“ನಾನು ಯಾವ ಬಾವಿಯಿಂದ ಕಷ್ಟಪಟ್ಟು ಮೇಲೆ ಬಂದೆನೋ ಅದೇ ಬಾವಿಗೆ ಹಾರುತ್ತೇನೆ ಅನ್ನುತ್ತಾನಲ್ಲ ಮಾರಾಯ್ರೆ! ಕ್ಯಾಮೆರಾ, ಲೆನ್ಸು ಎಲ್ಲ ಸೇರಿ ಮೂರೂವರೆ ಲಕ್ಷ ಬೇಕಂತೆ. ಬ್ಯಾಂಕಿನಲ್ಲಿ ನಮ್ಮದು ಅಂತ ಇರುವುದೇ ಆರು ಲಕ್ಷ. ಕೊಡಲೋ ಬೇಡವೋ, ನೀವು ಕಸುಬು ಬಲ್ಲವರು, ನೀವೇ ಹೇಳಿ” ಎಂದರು.

ತಟ್ಟೆಯ ಉಪ್ಪಿಟ್ಟು ಆರುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರ ಅದಲ್ಲ. ‘ಮುಂದಿನ ಸಂಚಿಕೆ ಓದಿ’ ಎಂದು ಜಾರಿಕೊಂಡೆ. ಇದೇ ಪ್ರಶ್ನೆಯನ್ನು ಈ ಒಂದೆರಡು ವರ್ಷಗಳಲ್ಲಿ ನಮ್ಮವರೇ ಮೂರು ನಾಲ್ಕು ಮಂದಿ ಕೇಳಿದ್ದಾರೆ. ಕೆಲವರ ಮನೆಯಲ್ಲಿ ಹುಡುಗ, ಕೆಲವರ ಮನೆಯಲ್ಲಿ ಹುಡುಗಿ. ಆದ್ದರಿಂದ ಈ ಸಲದ ಅಂಕಣ ಅವರೆಲ್ಲರಿಗೂ ಸೇರಿದ್ದು.

ನನಗೆ ಇದನ್ನು ಹೇಳುವ ಅಧಿಕಾರ ಏನು ಎಂದು ಹೊಸ ಸದಸ್ಯರು ಕೇಳಬಹುದು. 1979ರಲ್ಲಿ ಊರಿನಿಂದ ಬಂದು ದಾದರಿನ ಒಂದು ಸ್ಟುಡಿಯೋದಲ್ಲಿ ಡಾರ್ಕ್‌ರೂಮಿನ ಹುಡುಗನಾಗಿ ಸೇರಿದವನು ನಾನು. ಕೆಂಪು ದೀಪದ ಕೆಳಗೆ ಟ್ರೇ ಅಲ್ಲಾಡಿಸುವುದು, ಹೈಪೋ ಬೆರೆಸುವುದು, ಪ್ರಿಂಟುಗಳನ್ನು ತೊಳೆದು ಒಣಗಿಸುವುದು, ಮೂರು ವರ್ಷ ಇದೇ. ಕ್ಯಾಮೆರಾ ಮುಟ್ಟಲು ಬಿಟ್ಟದ್ದು ನಾಲ್ಕನೆಯ ವರ್ಷ. ಆಮೇಲೆ ಮದುವೆ, ನಾಮಕರಣ, ಕಾರ್ಖಾನೆಗಳ ಕ್ಯಾಟಲಾಗು, ಪತ್ರಿಕೆಗಳಿಗೆ ಬಿಡಿ ಚಿತ್ರ, ಕೊನೆಕೊನೆಗೆ ವಿಡಿಯೋ ಎಂದು ಹೊಟ್ಟೆ ಹೊರೆದುಕೊಂಡೆ. ಡೆವಲಪರಿನ ಕಲೆ ನನ್ನ ಉಗುರಿನಿಂದ ಇನ್ನೂ ಹೋಗಿಲ್ಲ ಎಂದು ಮನೆಯಾಕೆ ಈಗಲೂ ತಮಾಷೆ ಮಾಡುತ್ತಾಳೆ.

ಮೊದಲು ರಾಯರ ಬಾವಿ ಬತ್ತಿದ್ದು ಹೇಗೆ ನೋಡೋಣ. ‘ಮೊಬೈಲು ಬಂತು, ಸ್ಟುಡಿಯೋ ಹೋಯಿತು’ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಸ್ಟುಡಿಯೋದ ಗಲ್ಲಾಪೆಟ್ಟಿಗೆಗೆ ದಿನವೂ ಬೀಳುತ್ತಿದ್ದ ಹಣ ಎಲ್ಲಿಂದ ಬರುತ್ತಿತ್ತು ಎಂದು ಯೋಚಿಸಿ. ರೋಲು ಮಾರಾಟ, ರೋಲು ತೊಳೆದು ಪ್ರಿಂಟು ಹಾಕುವುದು, ಮತ್ತೆ ಪಾಸ್‌ಪೋರ್ಟ್ ಸೈಜಿನ ಫೋಟೋ. ಬಡೋದೆಯಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ಥ್ರೀ ಕ್ಯಾಮೆರಾ ನಿಮ್ಮಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಇದ್ದಿರಬೇಕು. ಒಂದು ರೋಲಿಗೆ ಹನ್ನೆರಡೇ ಚಿತ್ರ. ಹನ್ನೊಂದು ತೆಗೆದು, ಕೊನೆಯದಕ್ಕೆ ಗಣೇಶ ಚತುರ್ಥಿಯವರೆಗೆ ಕಾಯುತ್ತಿದ್ದ ಮನೆಗಳನ್ನು ನಾನು ಬಲ್ಲೆ. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆ ‘ಇಂದು’ ಎಂಬ ಹೆಸರಿನಲ್ಲಿ ಮಾಲು ತಯಾರಿಸುತ್ತಿತ್ತು. ಅದೂ ಮುಚ್ಚಿಹೋಯಿತು.

ಡಿಜಿಟಲ್ ಕ್ಯಾಮೆರಾ ಬಂದು ರೋಲು ಹೋಯಿತು. ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ಬಂದ ಮೇಲೆ ದೊಡ್ಡವರ ಫೋಟೋವನ್ನು ಅಲ್ಲಿನ ಕೌಂಟರಿನಲ್ಲಿಯೇ ತೆಗೆಯತೊಡಗಿದರು. 2010ರಿಂದ ಆಧಾರ್ ಬಂತು. ಅಲ್ಲಿಯೂ ಕುರ್ಚಿಯ ಮೇಲೆ ಕೂರಿಸಿ ಅವರೇ ತೆಗೆಯುತ್ತಾರೆ. (ಆ ಚಿತ್ರ ಹೇಗೆ ಬರುತ್ತದೆಂಬುದು ಬೇರೆ ಮಾತು. ನನ್ನ ಆಧಾರ್ ಕಾರ್ಡನ್ನು ನೋಡಿ ಮೊಮ್ಮಗ ‘ಅಜ್ಜ, ಯಾವ ಠಾಣೆಯಲ್ಲಿ ತೆಗೆದದ್ದು?’ ಎಂದು ಕೇಳಿದ.) ಹೀಗೆ ಒಂದೊಂದೇ ಒರತೆ ನಿಂತಿತು. ಕೋಡಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿಯೇ ಡಿಜಿಟಲ್ ಕ್ಯಾಮೆರಾ ಮಾಡಿ ತೋರಿಸಿದ್ದರು. ಆದರೆ ಕಂಪನಿಯ ಲಾಭವೆಲ್ಲ ಫಿಲ್ಮು, ಕಾಗದ, ರಾಸಾಯನಿಕಗಳಲ್ಲಿತ್ತು. 2012ರ ಜನವರಿಯಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಕೋಡಕ್ಕಿನಂಥ ಆನೆಯೇ ಜಾರಿಬಿದ್ದ ಕೆಸರಿನಲ್ಲಿ ನಮ್ಮ ರಾಯರು ಎರಡು ವರ್ಷ ಹೆಚ್ಚಿಗೆ ನಿಂತಿದ್ದರು ಎಂಬುದೇ ದೊಡ್ಡದು.

ಒಟ್ಟಿನಲ್ಲಿ ರಾಯರು ಮಾರುತ್ತಿದ್ದುದು ಕಾಗದ. ಜನರಿಗೆ ಕಾಗದ ಬೇಡವಾಯಿತು. ಆದರೆ ಮದುವೆಗಳು ನಿಂತವೇ? ಇಲ್ಲ. ಮದುವೆಯ ಫೋಟೋಕ್ಕೆ ಕೊಡುವ ಹಣ ಕಡಿಮೆಯಾಯಿತೇ? ನಿಮ್ಮ ಮನೆಯಲ್ಲಿ ಈಚೆಗೆ ಮದುವೆ ಆಗಿದ್ದರೆ ಆ ಲೆಕ್ಕ ನಿಮಗೇ ಗೊತ್ತು. ನಾಲ್ಕುನೂರು ಜನ ಅತಿಥಿಗಳ ಕೈಯಲ್ಲಿ ನಾಲ್ಕುನೂರು ಕ್ಯಾಮೆರಾ ಇದ್ದರೂ ಹಣ ಕೊಟ್ಟು ಒಬ್ಬನನ್ನು ಕರೆಸುತ್ತೇವೆ. ಯಾಕೆ? ನನ್ನ ಅನುಭವದ ಒಂದು ಪ್ರಸಂಗ ಹೇಳುತ್ತೇನೆ, ಹೇಳಿಕೊಳ್ಳಲು ನಾಚಿಕೆಯಾಗುವಂಥದು.

1987ರ ಮೇ ತಿಂಗಳು. ಮಾಟುಂಗಾದಲ್ಲಿ ನಮ್ಮ ಕಡೆಯವರದೇ ಮದುವೆ. ಯಜಮಾನರು ಅದೇ ಮುಹೂರ್ತದ ಇನ್ನೊಂದು ಮದುವೆಗೆ ಹೋಗಿದ್ದರು. ಇದನ್ನು ನನ್ನೊಬ್ಬನಿಗೇ ಬಿಟ್ಟಿದ್ದರು. ಧಾರೆಗೆ ಸ್ವಲ್ಪ ಮುಂಚೆ ಹೊಸ ರೋಲು ಹಾಕಿದೆ. ಗಡಿಬಿಡಿಯಲ್ಲಿ ಫಿಲ್ಮಿನ ತುದಿ ಒಳಗಿನ ಹಲ್ಲುಗಳಿಗೆ ಸರಿಯಾಗಿ ಸಿಕ್ಕಿಕೊಳ್ಳಲಿಲ್ಲ. ಕ್ಯಾಮೆರಾದ ಅಂಕಿ ಮಾತ್ರ ಒಂದು, ಎರಡು, ಮೂರು ಎಂದು ನಿಷ್ಠೆಯಿಂದ ಮುಂದೆ ಹೋಗುತ್ತಿತ್ತು. ಧಾರೆ ಆಯಿತು, ಮಾಂಗಲ್ಯ ಆಯಿತು, ಸಪ್ತಪದಿ ಆಯಿತು. ಮೂವತ್ತಾರು ಚಿತ್ರದ ರೋಲಿನಲ್ಲಿ ಮೂವತ್ತೆಂಟು, ಮೂವತ್ತೊಂಬತ್ತು ಎಂದು ಅಂಕಿ ಹೋದಾಗ ನನ್ನ ಎದೆ ಧಸಕ್ಕೆಂದಿತು. ಮುಚ್ಚಳ ತೆಗೆದು ನೋಡಿದರೆ ರೋಲು ಹಾಕಿದ ಹಾಗೇ ಇದೆ. ಒಂದು ಅಂಗುಲವೂ ಸರಿದಿಲ್ಲ. ಪ್ರತಿ ಸಲ ಸುತ್ತುವಾಗ ಎಡಗಡೆಯ ರಿವೈಂಡ್ ನಾಬು ತಿರುಗುತ್ತಿದೆಯೇ ಎಂದು ಒಮ್ಮೆ ಕಣ್ಣು ಹಾಯಿಸಿದ್ದರೆ ಸಾಕಿತ್ತು.

ಯಜಮಾನರು ಬೈಯಲಿಲ್ಲ. ಅಂದು ರಾತ್ರಿಯೇ ನನ್ನನ್ನೂ ಕರೆದುಕೊಂಡು ಮದುಮಗಳ ತಂದೆಯ ಮನೆಗೆ ಹೋದರು. ಮುಂಗಡ ಹಣವನ್ನು ಮೇಜಿನ ಮೇಲಿಟ್ಟು, ‘ತಪ್ಪು ನಮ್ಮ ಸ್ಟುಡಿಯೋದ್ದು’ ಎಂದರು. ನನ್ನ ಹೆಸರು ಹೇಳಲಿಲ್ಲ. ಆ ಹಿರಿಯರು ಬಹಳ ಹೊತ್ತು ಸುಮ್ಮನಿದ್ದು, “ಈ ದುಡ್ಡು ತೆಗೆದುಕೊಂಡು ನಾನೇನು ಮಾಡಲಿ? ನಾನು ನೀರು ಎರೆದದ್ದು ಎಲ್ಲಿದೆ ತೋರಿಸಿ” ಎಂದರು. ಆ ಮೇಲೆ ಒಂದು ದಿನ ಅದೇ ಸೀರೆ, ಅದೇ ಪಂಚೆ ಉಡಿಸಿ ಚಿತ್ರ ತೆಗೆದುಕೊಟ್ಟೆವು, ಹಣ ಪಡೆಯಲಿಲ್ಲ. ಚಿತ್ರಗಳು ಚೆನ್ನಾಗಿಯೇ ಬಂದವು. ಆದರೆ ಮದುಮಗಳ ತಂದೆ ಬರಲಿಲ್ಲ.

ಹಣ ಕೊಟ್ಟು ನಾವು ಕೊಳ್ಳುವುದು ಇದನ್ನು. ಒಂದೇ ಒಂದು ಸಲ ನಡೆಯುವ ಸಂಗತಿಯನ್ನು ತಪ್ಪದೆ ಹಿಡಿದುಕೊಡುತ್ತೇನೆ, ಕೈತಪ್ಪಿದರೆ ಬಂದು ನಿಮ್ಮ ಮುಂದೆ ನಿಲ್ಲುತ್ತೇನೆ ಎಂಬ ಹೊಣೆಯನ್ನು. ಇಂದಿನ ಹುಡುಗರಿಗೆ ರಿವೈಂಡ್ ನಾಬು ಗೊತ್ತಿಲ್ಲ, ಅದರ ಬದಲು ಬೇರೆ ಗಂಡಾಂತರಗಳಿವೆ. ಮೆಮರಿ ಕಾರ್ಡು ಕೈಕೊಡುತ್ತದೆ, ಹಾರ್ಡ್‌ಡಿಸ್ಕು ಕೆಳಗೆ ಬೀಳುತ್ತದೆ. ಅದಕ್ಕಾಗಿ ಎರಡು ಕಾರ್ಡು ಹಾಕಬಹುದಾದ ಕ್ಯಾಮೆರಾವನ್ನೇ ಬಳಸಿ, ಎರಡಕ್ಕೂ ಒಟ್ಟಿಗೆ ಬರೆಯಿಸಬೇಕು. ಮನೆಗೆ ಬಂದ ರಾತ್ರಿಯೇ ಮೂರು ಪ್ರತಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿಡಬೇಕು. ಗಿರಾಕಿಗೆ ಇದು ಯಾವುದೂ ಕಾಣುವುದಿಲ್ಲ. ಹತ್ತು ವರ್ಷ ಆದ ಮೇಲೆ, ‘ಆ ಹುಡುಗನನ್ನೇ ಕರೆಯಿರಿ’ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುತ್ತಾರಲ್ಲ, ಅದು ಮಾತ್ರ ಕಾಣುತ್ತದೆ.

ಈಗ ಎಲ್ಲರೂ ಕೇಳುವ ಭಯದ ಪ್ರಶ್ನೆ. ಕ್ಯಾಮೆರಾವೇ ಇಲ್ಲದೆ ಕಂಪ್ಯೂಟರು ತಾನಾಗಿ ಚಿತ್ರ ಬರೆಯುವ ಕಾಲದಲ್ಲಿ ಈ ಕಸುಬು ಉಳಿಯುತ್ತದೆಯೇ? 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸನ್ ಎಂಬ ಕಲಾವಿದ, ಸೋನಿ ವಿಶ್ವ ಛಾಯಾಗ್ರಹಣ ಸ್ಪರ್ಧೆಯ ಒಂದು ವಿಭಾಗದಲ್ಲಿ ಬಹುಮಾನ ಬಂದಾಗ, ಅದು ಯಂತ್ರ ರಚಿಸಿದ ಚಿತ್ರ, ಫೋಟೋ ಅಲ್ಲ ಎಂದು ಹೇಳಿ ಬಹುಮಾನವನ್ನು ನಿರಾಕರಿಸಿದರು. ತೀರ್ಪುಗಾರರ ಕಣ್ಣಿಗೇ ಮಣ್ಣೆರಚಬಲ್ಲ ಯಂತ್ರ ಸೀರೆಯಂಗಡಿಯ ಕ್ಯಾಟಲಾಗು ಮಾಡಲಾರದೇ? ಖಂಡಿತ ಮಾಡುತ್ತದೆ. ಬಿಳಿ ಹಿನ್ನೆಲೆಯಲ್ಲಿ ಚಪ್ಪಲಿ, ಕುಕ್ಕರು ಇಟ್ಟು ತೆಗೆಯುವ ಕೆಲಸದ ಮೇಲೆ ಹುಡುಗ ಬದುಕು ಕಟ್ಟುವುದು ಬೇಡ ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಆದರೆ ಧಾರೆಯನ್ನು ಯಂತ್ರ ರಚಿಸಿ ಕೊಟ್ಟರೆ ಯಾವ ತಂದೆಗೆ ಬೇಕು? ಸುದ್ದಿ, ನ್ಯಾಯಾಲಯದ ಸಾಕ್ಷ್ಯ, ವಿಮೆಯ ತನಿಖೆ ಇಂಥ ಕಡೆಯೂ ‘ಇದು ನಡೆದದ್ದು, ನಾನು ಅಲ್ಲಿದ್ದೆ’ ಎಂದು ಹೇಳುವ ಮನುಷ್ಯನೇ ಬೇಕು. ಅದೇ 2023ರಲ್ಲಿ ಲೈಕಾ ಕಂಪನಿ ಹೊರತಂದ ಎಂ 11-ಪಿ ಎಂಬ ಕ್ಯಾಮೆರಾ, ಚಿತ್ರ ಹುಟ್ಟುವ ಕ್ಷಣದಲ್ಲಿಯೇ ಅದರ ಜಾತಕವನ್ನು, ಅಂದರೆ ಯಾವ ಕ್ಯಾಮೆರಾ, ಯಾವ ಹೊತ್ತು, ಆಮೇಲೆ ಏನು ತಿದ್ದಲಾಯಿತು ಎಂಬುದನ್ನು, ಮುದ್ರೆ ಒತ್ತಿದಂತೆ ಜತೆಗೆ ಇಟ್ಟುಕೊಳ್ಳುತ್ತದೆ. ಸುಳ್ಳು ಅಗ್ಗವಾದಷ್ಟೂ ಸಾಕ್ಷಿಗೆ ಬೆಲೆ ಬರುತ್ತದೆಂದು ಕಂಪನಿಗಳಿಗೂ ಅನ್ನಿಸಿರಬೇಕು.

ಇನ್ನು ವಿದ್ಯೆಯ ಮಾತು. ಮುಂಬಯಿ ಕನ್ನಡಿಗರಾದ ನಾವು ಈ ವಿಷಯದಲ್ಲಿ ದೂರ ಹೋಗಬೇಕಾಗಿಲ್ಲ. ವಿ.ಕೆ. ಮೂರ್ತಿಯವರು 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಈ ಊರಿಗೆ ಬಂದರು. 1951ರ ‘ಬಾಜಿ’ಯಲ್ಲಿ ಅವರಿನ್ನೂ ಸಹಾಯಕ. ಅಲ್ಲಿ ಅವರ ಕೈಚಳಕ ಕಂಡ ಗುರುದತ್, ಮರುವರ್ಷದ ‘ಜಾಲ್’ ಚಿತ್ರಕ್ಕೆ ಅವರನ್ನೇ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡರು. 1959ರ ‘ಕಾಗಜ್ ಕೇ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಕತ್ತಲೆಯ ಸ್ಟುಡಿಯೋದೊಳಗೆ ಮೇಲಿನಿಂದ ಇಳಿಯುವ ಬೆಳಕಿನ ಕೋಲನ್ನು ನೋಡದವರು ಕಡಿಮೆ. ಆ ಬೆಳಕಿಗೆ ಅವರು ದೊಡ್ಡ ದೀಪ ತರಿಸಲಿಲ್ಲ. ಹೊರಗಿನ ಬಿಸಿಲನ್ನು ಒಂದು ಕನ್ನಡಿಯಲ್ಲಿ ಹಿಡಿದು ಒಳಗಿನ ಇನ್ನೊಂದು ಕನ್ನಡಿಗೆ ಬೀಳಿಸಿದರು. ಎರಡು ಕನ್ನಡಿ, ಒಬ್ಬ ಸೂರ್ಯ! ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು, ಮೂರ್ತಿಯವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಗುರುದತ್ 1964ರಲ್ಲಿ ತೀರಿಕೊಂಡರು. ಕಪ್ಪು ಬಿಳುಪು ಹೋಗಿ ಬಣ್ಣ ಬಂತು, ಬಣ್ಣದ ಜತೆಗೆ ಟೆಲಿವಿಷನ್ ಬಂತು. ದೂರದರ್ಶನದಲ್ಲಿ 1988ರಲ್ಲಿ ನಾವೆಲ್ಲ ನೋಡಿದ ‘ತಮಸ್’ನ ಛಾಯಾಗ್ರಹಣವೂ ಅವರದೇ. ಅದನ್ನು ನಿರ್ದೇಶಿಸಿದ ಗೋವಿಂದ ನಿಹಲಾನಿ ಹಿಂದೆ ಅವರ ಸಹಾಯಕರಾಗಿದ್ದವರು, ಅದೇ ಬೆಂಗಳೂರು ಪಾಲಿಟೆಕ್ನಿಕ್‌ನಲ್ಲಿ ಓದಿದವರು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು.

ರಾಯರ ಮಗ ಕಲಿಯಬೇಕಾದದ್ದು ಆ ಬೆಳಕಿನ ವಿದ್ಯೆ. ಕಿಟಕಿಯ ಪಕ್ಕ ಕೂತ ಅಜ್ಜಿಯ ಮುಖದ ಮೇಲೆ ಬೆಳಗ್ಗೆ ಎಂಟಕ್ಕೆ ಏನಾಗುತ್ತದೆ, ಹನ್ನೆರಡಕ್ಕೆ ಏನಾಗುತ್ತದೆ ಎಂದು ನೋಡುವುದಕ್ಕೆ ಮೂರೂವರೆ ಲಕ್ಷ ಬೇಡ. ಜತೆಗೆ, ಸ್ಥಿರಚಿತ್ರ ಬೇರೆ, ಚಲನಚಿತ್ರ ಬೇರೆ ಎಂದು ನಮ್ಮ ಕಾಲದಲ್ಲಿದ್ದ ಗೋಡೆ ಈಗ ಇಲ್ಲ. 2008ರಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಬಂದು, ಫೋಟೋ ತೆಗೆಯುವ ಕ್ಯಾಮೆರಾದಲ್ಲಿಯೇ ಸಿನಿಮಾದಂಥ ದೃಶ್ಯ ತೆಗೆಯಬಹುದು ಎಂದಾಯಿತು. ಇಂದು ಮದುವೆಯವರು ಎರಡನ್ನೂ ಕೇಳುತ್ತಾರೆ. ಎಡಿಟಿಂಗ್, ಬಣ್ಣ ಸರಿಪಡಿಸುವುದು, ಧ್ವನಿ ಇವನ್ನು ಬಲ್ಲವನಿಗೆ ಮಳೆಗಾಲದಲ್ಲಿಯೂ ಕೆಲಸ ಸಿಗುತ್ತದೆ. ಒಂದು ದಿನದ ಶೂಟಿಂಗಿಗೆ ನಾಲ್ಕಾರು ದಿನ ಕಂಪ್ಯೂಟರಿನ ಮುಂದೆ ಕೂರಬೇಕು, ಸೊಂಟ ಹಿಡಿಯುತ್ತದೆ. ಈ ಕಸುಬಿನ ಬಹುಪಾಲು ಅದೇ ಎಂದು ಹುಡುಗರಿಗೆ ಯಾರೂ ಹೇಳಿರುವುದಿಲ್ಲ.

ರಾಯರ ಮಗನನ್ನು ಆಮೇಲೆ ಭೇಟಿಯಾದೆ. ಚುರುಕು ಹುಡುಗ. ಸ್ನೇಹಿತನ ಕ್ಯಾಮೆರಾದಲ್ಲಿ ಕಬಿನಿಯಲ್ಲಿ ತೆಗೆದ ಹುಲಿಯ ಚಿತ್ರಗಳನ್ನು ತೋರಿಸಿದ. ಚೆನ್ನಾಗಿದ್ದವು. ಆದರೆ ಅದೇ ಜೀಪಿನಲ್ಲಿ ಕೂತಿದ್ದ ಎಲ್ಲರ ಹತ್ತಿರವೂ ಅದೇ ಹುಲಿ ಇರುತ್ತದಲ್ಲ! ವನ್ಯಜೀವಿ ಛಾಯಾಗ್ರಹಣದಲ್ಲಿ ಹೆಸರಾದ ನಮ್ಮ ಎಂ.ವೈ. ಘೋರ್ಪಡೆಯವರು ಸಂಡೂರಿನ ರಾಜಮನೆತನದವರು, ರಾಜ್ಯದ ಹಣಕಾಸು ಮಂತ್ರಿಯೂ ಆಗಿದ್ದವರು. ಹುಲಿಯಿಂದ ಅವರ ಮನೆಯ ಒಲೆ ಉರಿಯಬೇಕಾಗಿರಲಿಲ್ಲ. ಕೃಪಾಕರ-ಸೇನಾನಿಯವರ ದಾರಿ ಬೇರೆ. ಅವರು ಕಾಡುನಾಯಿಗಳ ಬೆನ್ನು ಹತ್ತಿ ವರ್ಷಗಟ್ಟಲೆ ಕಾಡಿನಲ್ಲಿ ಕಳೆದರು, ಸ್ಥಿರಚಿತ್ರದಿಂದ ಚಲನಚಿತ್ರಕ್ಕೆ ಹೋದರು, ‘ದ ಪ್ಯಾಕ್’ ಚಿತ್ರಕ್ಕೆ 2010ರಲ್ಲಿ ವೈಲ್ಡ್‌ಸ್ಕ್ರೀನ್ ಪಾಂಡಾ ಪ್ರಶಸ್ತಿ ಪಡೆದರು. ಅಷ್ಟು ವರ್ಷ ಕಾಯುವ ತ್ರಾಣ ಇದ್ದರೆ ಹೋಗಲಿ. ಇಲ್ಲದಿದ್ದರೆ ಹುಲಿ ರಜೆಯ ದಿನಕ್ಕಿರಲಿ.

ಕಾಯುವುದು ಎಂದಾಗ ರಾಜಾ ದೀನದಯಾಳರ ನೆನಪಾಗುತ್ತದೆ. ಹೈದರಾಬಾದಿನ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿ, 1896ರಲ್ಲಿ ಈ ಮುಂಬಯಿಯಲ್ಲಿಯೂ ಸ್ಟುಡಿಯೋ ತೆರೆದವರು. ಅವರು ಓದಿದ್ದು ರೂರ್ಕಿಯಲ್ಲಿ ಎಂಜಿನಿಯರಿಂಗ್. ಇಂದೋರಿನಲ್ಲಿ ಸರ್ಕಾರಿ ಕೆಲಸದಲ್ಲಿದ್ದುಕೊಂಡೇ 1870ರ ದಶಕದಲ್ಲಿ ಕ್ಯಾಮೆರಾ ಹಿಡಿದರು. ಗಿರಾಕಿಗಳು ಗಟ್ಟಿಯಾದ ಮೇಲೆಯೇ ನೌಕರಿ ಬಿಟ್ಟದ್ದು. ಹೆಣ್ಣುಮಕ್ಕಳ ತಂದೆತಾಯಿಗಳಿಗೂ ಒಂದು ಮಾತು: ಪರದೆಯ ಹೆಂಗಸರಿಗಾಗಿ ಅವರು 1892ರಲ್ಲಿ ತೆರೆದ ಸ್ಟುಡಿಯೋವನ್ನು ನೋಡಿಕೊಳ್ಳುತ್ತಿದ್ದುದು ಒಬ್ಬ ಹೆಂಗಸೇ. ಇಂದು ಮದುಮಗಳ ಅಲಂಕಾರದ ಕೋಣೆಗೆ ಹೋಗಿ ಚಿತ್ರ ತೆಗೆಯಲು ಹುಡುಗಿಯರೇ ಬೇಕು ಎನ್ನುವ ಮನೆಗಳು ಹೆಚ್ಚುತ್ತಿವೆ. ಬಾಗಿಲು ತೆರೆದಿದೆ, ತಾಯಂದಿರೇ ಅಡ್ಡ ನಿಲ್ಲಬೇಡಿ.

ಇನ್ನು ಮೂರೂವರೆ ಲಕ್ಷದ ಲೆಕ್ಕ. ಅಂಧೇರಿಯ ಕಡೆ ಕ್ಯಾಮೆರಾ, ಲೆನ್ಸು, ದೀಪ ಎಲ್ಲವೂ ದಿನದ ಬಾಡಿಗೆಗೆ ಸಿಗುತ್ತವೆ. ಮೊದಲ ವರ್ಷ ಯಾರಾದರೂ ಅನುಭವಸ್ಥರ ಕೈಕೆಳಗೆ ಎರಡನೆಯ ಕ್ಯಾಮೆರಾ ಹಿಡಿಯಲಿ, ಚೀಲ ಹೊರಲಿ, ದೀಪ ಎತ್ತಿ ಹಿಡಿಯಲಿ. ಕೊಳ್ಳಲೇಬೇಕಾದರೆ ಒಳ್ಳೆಯ ಲೆನ್ಸು ಕೊಳ್ಳಲಿ. ಕ್ಯಾಮೆರಾದ ಒಡಲು ಸೆಕೆಂಡ್‌ಹ್ಯಾಂಡ್ ಆದರೂ ನಡೆಯುತ್ತದೆ, ಹೊಸ ಮಾದರಿ ಬಂದ ಕೂಡಲೇ ಅದರ ಬೆಲೆ ಬೀಳುತ್ತದೆ. ಲೆನ್ಸಿನ ಬೆಲೆ ಅಷ್ಟು ಬೇಗ ಬೀಳುವುದಿಲ್ಲ. ಪಂಚಾಂಗ ನೋಡುವುದನ್ನೂ ಕಲಿಯಲಿ! ಆಷಾಢದಲ್ಲಿ ನಮ್ಮವರ ಮದುವೆ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಮರಾಠಿ ಮನೆಗಳಲ್ಲಿ ಚಾತುರ್ಮಾಸ ಹಿಡಿದರೆ ತುಳಸಿ ಲಗ್ನ ಆಗುವವರೆಗೆ ಮುಹೂರ್ತವಿಲ್ಲ. ಮೇ ತಿಂಗಳಲ್ಲಿ ಜೇಬು ತುಂಬಿದೆ ಎಂದು ಕಂತಿನ ಮೇಲೆ ಡ್ರೋನ್ ಕೊಂಡವರು ಆಗಸ್ಟಿನಲ್ಲಿ ಅದನ್ನು ಮಾರಿದ್ದನ್ನು ನೋಡಿದ್ದೇನೆ. ಹಾಂ, ಡ್ರೋನ್ ಎಂದಾಗ ನೆನಪಾಯಿತು: 2021ರ ನಿಯಮಗಳಂತೆ 250 ಗ್ರಾಮಿಗಿಂತ ಹೆಚ್ಚು ತೂಕದ್ದನ್ನು ದುಡಿಮೆಗಾಗಿ ಹಾರಿಸುವವನಿಗೆ ಪೈಲಟ್ ಪ್ರಮಾಣಪತ್ರ ಬೇಕು.

ಈಗ ನಮ್ಮವರು ಯಾರೂ ಕಿವಿಗೆ ಹಾಕಿಕೊಳ್ಳದ ವಿಷಯಕ್ಕೆ ಬರುತ್ತೇನೆ. 1994ರಲ್ಲಿ ನಮ್ಮ ಊರ ಮೇಳವೊಂದು ಮುಂಬಯಿಗೆ ಬಂದಿದ್ದಾಗ, ಯಾರೂ ಹೇಳದೆ, ನನ್ನ ಖುಷಿಗೆ, ಬಣ್ಣದ ವೇಷವೊಂದರ ಚಿತ್ರ ತೆಗೆದಿದ್ದೆ. ದೀವಟಿಗೆಯ ಬೆಳಕು, ಕಣ್ಣಿನಲ್ಲಿ ಕಿಡಿ. ಕ್ಯಾಲೆಂಡರು ಮುದ್ರಿಸುವವರೊಬ್ಬರು ನೋಡಿ, ‘ಒಂದು ಸಲ ಕೊಡಿ’ ಎಂದು ನೆಗೆಟಿವನ್ನೇ ಕೇಳಿದರು. ಕೊಟ್ಟೆ. ಕಾಗದ ಪತ್ರ ಏನೂ ಇಲ್ಲ. ಒಂದು ಸಲ ಅಲ್ಲ, ಮೂರು ವರ್ಷ ಆ ವೇಷ ಕ್ಷೌರದಂಗಡಿಯ ಗೋಡೆಯಿಂದ ನನ್ನನ್ನೇ ನೋಡುತ್ತಿತ್ತು, ಕೆಳಗೆ ನನ್ನ ಹೆಸರಿಲ್ಲ. ನೆಗೆಟಿವ್ ಇಂದಿಗೂ ಬಂದಿಲ್ಲ.

ಆಗ ಗೊತ್ತಿರಲಿಲ್ಲ, ಈಗ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನಂತೆ ಚಿತ್ರ ತೆಗೆದವನೇ ಅದರ ಮೊದಲ ಒಡೆಯ. ಆದರೆ ಅದಕ್ಕೆ ಬಾಲಗಳಿವೆ. ಹಣ ಕೊಟ್ಟು ಯಾರಾದರೂ ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ತೆಗೆಸಿದವರೇ ಒಡೆಯರು. ಸಂಬಳಕ್ಕಿದ್ದು ಕೆಲಸದ ಭಾಗವಾಗಿ ತೆಗೆದರೆ ಸಾಮಾನ್ಯವಾಗಿ ಧಣಿಯೇ ಒಡೆಯ. ಅಂದರೆ, ನೀವು ತೆಗೆದ ಮದುವೆಯ ಚಿತ್ರವನ್ನು ನಿಮ್ಮ ಜಾಹೀರಾತಿಗೆ ಹಾಕಿಕೊಳ್ಳಬೇಕಾದರೂ ಒಪ್ಪಂದದಲ್ಲಿ ಅದನ್ನು ಬರೆದಿರಬೇಕು. ಹಕ್ಕನ್ನು ಮಾರುವುದಾದರೆ 19ನೆಯ ಕಲಮಿನಂತೆ ಬರವಣಿಗೆ, ಸಹಿ ಇರಲೇಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದು ವರ್ಷ ಎಂದು, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತದೊಳಗೆ ಎಂದು ಅರ್ಥ. ಹಕ್ಕು ಮಾರಿದ ಮೇಲೂ ‘ಇದು ನನ್ನ ಕೃತಿ’ ಎಂದು ಹೇಳಿಕೊಳ್ಳುವ ಅಧಿಕಾರವನ್ನು 57ನೆಯ ಕಲಮು ಉಳಿಸುತ್ತದೆ. 2012ರ ತಿದ್ದುಪಡಿಯ ನಂತರ ಫೋಟೋದ ಕೃತಿಸ್ವಾಮ್ಯ ತೆಗೆದವನ ಜೀವಮಾನ ಮತ್ತು ಅದರ ಮೇಲೆ 60 ವರ್ಷ. ಮೊಮ್ಮಕ್ಕಳ ಕಾಲಕ್ಕೂ ಬರುವ ಆಸ್ತಿ ಇದು. ಬಾಡಿಗೆ ಮನೆಗೆ ಕರಾರುಪತ್ರ ಮಾಡಿಕೊಳ್ಳುವ ನಾವು ಇದಕ್ಕೆ ಒಂದು ಹಾಳೆ ಬರೆಯಲು ನಾಚುತ್ತೇವೆ.

ಆಸ್ತಿ ಎಂದ ಮೇಲೆ ರಾಯರ ಮನೆಯ ಮಾತಿಗೆ ಮರಳಬೇಕು. ಹೋದ ಭಾನುವಾರ ಡೊಂಬಿವಲಿಗೆ ಹೋಗಿದ್ದೆ. ಚಹಾ ಕುಡಿಯುತ್ತ, “ಸ್ಟುಡಿಯೋದ ನೆಗೆಟಿವುಗಳನ್ನು ಏನು ಮಾಡಿದಿರಿ?” ಎಂದು ಕೇಳಿದೆ. “ಅಟ್ಟದ ಮೇಲಿವೆ. ರದ್ದಿಯವನೂ ತೆಗೆದುಕೊಳ್ಳುವುದಿಲ್ಲ” ಎಂದರು. ಹುಡುಗನೇ ಏಣಿ ಹತ್ತಿ ಇಳಿಸಿದ. ಬಿಸ್ಕತ್ತಿನ ಡಬ್ಬ, ಸೀರೆಯ ಪೆಟ್ಟಿಗೆ, ಒಟ್ಟು ಹದಿನೇಳು. 1989ರಿಂದ 2006ರವರೆಗಿನ ನೆಗೆಟಿವುಗಳು ಪಟ್ಟಿಪಟ್ಟಿಯಾಗಿ ಬೆಣ್ಣೆಕಾಗದದಲ್ಲಿ. ಎರಡು ಡಬ್ಬ ತೆರೆದಾಗ ವಿನೆಗರಿನಂಥ ಹುಳಿ ವಾಸನೆ ಬಂತು. ಅಸಿಟೇಟ್ ಫಿಲ್ಮು ಸೆಕೆ, ತೇವಕ್ಕೆ ಕೆಡತೊಡಗಿದರೆ ಬರುವ ವಾಸನೆ ಅದು. ಒಮ್ಮೆ ಹಿಡಿದರೆ ನಿಲ್ಲುವುದಿಲ್ಲ, ಪಕ್ಕದ ಡಬ್ಬಕ್ಕೂ ಹರಡುತ್ತದೆ. ಆ ಎರಡನ್ನೂ ಬೇರೆ ಇಡಿಸಿದೆ. ಕಲ್ಕತ್ತೆಯ ಬೋರ್ನ್ ಅಂಡ್ ಶೆಫರ್ಡ್ ಸ್ಟುಡಿಯೋ 1860ರ ದಶಕದಿಂದ ನಡೆದು 2016ರಲ್ಲಿ ಮುಚ್ಚಿತು. ಆದರೆ ಅದರ ನಿಜವಾದ ಸಂಪತ್ತಿನ ಬಹುಭಾಗ 1991ರ ಬೆಂಕಿಯಲ್ಲಿಯೇ ಹೋಗಿತ್ತು. ನಮ್ಮ ಅಟ್ಟಗಳಲ್ಲಿ ಹೊಗೆಯಿಲ್ಲದ ಬೆಂಕಿ ಹತ್ತಿದೆ, ಅಷ್ಟೇ ವ್ಯತ್ಯಾಸ. ತಮಾಷೆ ಎಂದರೆ, 2007ರ ನಂತರ ರಾಯರು ಸಿ.ಡಿ.ಗಳಲ್ಲಿ ಇಟ್ಟಿದ್ದರಲ್ಲಿ ಮೂರನ್ನು ಹಾಕಿ ನೋಡಿದೆವು, ಎರಡು ತೆರೆಯಲೇ ಇಲ್ಲ.

ನೆಗೆಟಿವುಗಳ ಜತೆಗೆ ನಾಲ್ಕು ರಿಜಿಸ್ಟರುಗಳೂ ಸಿಕ್ಕವು. ಪ್ರತಿ ಪಟ್ಟಿಗೂ ಒಂದು ನಂಬರು, ಎದುರಿಗೆ ಹೆಸರು, ಸಂದರ್ಭ, ತಾರೀಖು, ರಾಯರ ಮುದ್ದಾದ ಕನ್ನಡ ಅಕ್ಷರಗಳಲ್ಲಿ. ಹುಡುಗ ಅದನ್ನು ಇದುವರೆಗೆ ನೋಡಿಯೇ ಇರಲಿಲ್ಲವಂತೆ. ಸ್ನೇಹಿತನ ಕ್ಯಾಮೆರಾ, ದಿನದ ಬಾಡಿಗೆಗೆ ತಂದ ಮ್ಯಾಕ್ರೋ ಲೆನ್ಸು, ಒಂದು ಸಣ್ಣ ಎಲ್‌ಇಡಿ ಬೆಳಕಿನ ಹಲಗೆ ಇಷ್ಟರಲ್ಲಿಯೇ ನೆಗೆಟಿವನ್ನು ನಕಲು ತೆಗೆದು ಕಂಪ್ಯೂಟರಿನಲ್ಲಿ ತಿರುವಿ ನೋಡಬಹುದು ಎಂದು ತೋರಿಸಿಕೊಟ್ಟೆ. ಮೊದಲು ಹಲಗೆಯ ಮೇಲೆ ಇಟ್ಟ ಪಟ್ಟಿಯ ನಂಬರು 412. ರಾಯರು ಕನ್ನಡಕ ಹಾಕಿಕೊಂಡು ರಿಜಿಸ್ಟರಿನಲ್ಲಿ ಹುಡುಕಿ, 1991ರ ಒಂದು ನಾಮಕರಣ ಎಂದು ಓದಿದರು. ಪರದೆಯ ಮೇಲೆ ತೊಟ್ಟಿಲ ಬಳಿ ಬಗ್ಗಿ ನಿಂತ ಹೆಂಗಸೊಬ್ಬರ ಮುಖ ಮೂಡಿತು. “ಇವರು ತೀರಿಕೊಂಡು ಬಹಳ ವರ್ಷವಾಯಿತು. ಆ ಮಗು ಈಗ ಪುಣೆಯಲ್ಲಿದೆ. ಅಮ್ಮನ ಫೋಟೋ ಇದೆಯೇ ಎಂದು ಒಮ್ಮೆ ಫೋನು ಮಾಡಿತ್ತು. ಅಂಗಡಿ ಮುಚ್ಚಿತಲ್ಲ, ಇಲ್ಲ ಅಂದುಬಿಟ್ಟೆ” ಎಂದರು ರಾಯರು. ಆಮೇಲೆ ಮಗನ ಕಡೆ ತಿರುಗಿ, “413 ಇಡು ನೋಡುವಾ” ಎಂದರು. ನಾನು ಹೊರಡುವಾಗ 440ರ ಹತ್ತಿರ ಇದ್ದರು. ಮೂರೂವರೆ ಲಕ್ಷದ ಮಾತನ್ನು ಆ ದಿನ ಇಬ್ಬರೂ ಎತ್ತಲಿಲ್ಲ.

1989ರಿಂದ 2006ರವರೆಗೆ ಡೊಂಬಿವಲಿಯಲ್ಲಿ ರಾಯರ ಸ್ಟುಡಿಯೋದಿಂದ ಮದುವೆ, ಉಪನಯನ, ನಾಮಕರಣದ ಚಿತ್ರ ತೆಗೆಸಿದವರು ಸಂಘದ ಕಚೇರಿಯಲ್ಲಿಟ್ಟಿರುವ ಪುಸ್ತಕದಲ್ಲಿ ಹೆಸರು ಮತ್ತು ತಾರೀಖು ಬರೆದುಹೋಗಿ. ಚಿತ್ರ ನಿಮ್ಮದೇ, ಆದರೆ ಹುಡುಗನ ಕೆಲಸಕ್ಕೆ ಶುಲ್ಕ ಉಂಟು. ಅವನು ರಸೀದಿ ಕೊಡುತ್ತಾನೆ.